ಬೆಣ್ಣೆ ಕರಗುವ ಕಾರು

ಹೊಸೂರಿನಂಥ ತಣ್ಣನೆಯ ಊರಿನಲ್ಲಿ ಕಾರಿಗೆ ಏಸಿ ಬೇಕೆಂದವರನ್ನು ನೀವು ಕಂಡಿದ್ದೀರಾ? ನಾನು ಕಂಡಿದ್ದೇನೆ. ಸಾಲದ್ದಕ್ಕೆ, ಆ ಏಸಿಯ ಮುಂದೆಯೇ ಬೆವರು ಸುರಿಸುತ್ತಾ ಕುಳಿತಿದ್ದೇನೆ!

ಎಂಬತ್ತರ ದಶಕದ ಮೊದಲ ವರ್ಷಗಳು. ಆ ದಿನ ಬೆಳಗೂ ಎಂದಿನಂತೆಯೇ ಆಯಿತು. ಪಕ್ಕದ ಮನೆಯ ಮುನಿಯಮ್ಮ ಗೋಡೆಯ ಮೇಲಿಂದ ಹಾಲಿನ ಚೊಂಬು ಚಾಚಿ, ದನಗಳ ಹತ್ತಿರ ಓಡಿದಳು. ಯಜಮಾನರು ಫ್ಯಾಕ್ಟರಿ ಬಸ್ಸಿಗೆ ಓಡಿದರು. ಅವರು ಕುಡಿದಿಟ್ಟ ಲೋಟ ಇನ್ನೂ ಬೆಚ್ಚಗಿತ್ತು. ತೊಳೆದು ಬೋರಲು ಹಾಕಿದೆ. ಆಮೇಲೆ ಮನೆಯಲ್ಲಿ ಮಾತಾಡುವುದು ಗಡಿಯಾರವೊಂದೇ. ಎದುರು ಮನೆ ತಮಿಳು, ಅದರಾಚೆಯದು ತೆಲುಗು. ಮೈಸೂರಿನ ಕಾನ್ವೆಂಟಿನಲ್ಲಿ ಕಲಿತ ನನಗೆ ಎರಡೂ ಬಾರದು. ಅಕ್ಕಿ ಆರಿಸುವಾಗ ಸಿಕ್ಕ ಕಲ್ಲಿಗೆ ‘ಗುಡ್ ಮಾರ್ನಿಂಗ್’ ಹೇಳಿದ್ದೂ ಉಂಟು. ನಗಬೇಡಿ!

ಅಷ್ಟರಲ್ಲಿ ಹಾರನ್ ಕೇಳಿಸಿತು. ನಮ್ಮವರ ಚಿಕ್ಕಪ್ಪ! ಮದುವೆಯಾಗದೆ, ಎರಡು ಬೀದಿಯಾಚೆ ಒಬ್ಬರೇ ಇದ್ದವರು. ಬೆಂಗಳೂರಿನಲ್ಲಿ ಯಾರದೋ ಹಳೆಯ ಕಾರು ಕೊಂಡಾಗ ಏಸಿಯೂ ಅದರ ಜೊತೆಗೇ ಬಂದಿತ್ತು. ಅದು ತಂಪು ಕೊಡಲೊಲ್ಲದು, ಇವರು ಬಿಡಲೊಲ್ಲರು.

“ಬಾಮ್ಮಾ, ಇವತ್ತು ಶಬ್ದ ಬೇರೆ ಥರ ಇದೆ. ಸರಿಯಾಗೋ ಲಕ್ಷಣ!”

“ನಿನ್ನೆಯೂ ಹಾಗೇ ಅಂದ್ರಲ್ಲ ಮಾವ?”

“ನಿನ್ನೆ ಬೇರೆ, ಇವತ್ತು ಬೇರೆ. ಗಾಜು ಏರಿಸು!”

ಗಾಜು ಏರಿಸಿ, ಸಿಸ್ಟರ್ ಕಲಿಸಿದಂತೆ ಬೆನ್ನು ನೆಟ್ಟಗಿಟ್ಟು ಕುಳಿತುಕೊಳ್ಳುವುದು ನನ್ನ ಕೆಲಸ. ತಪಾಸಣೆ ಅವರದು. ಬಾಳೆಲೆಯ ಚೂರಿನ ಮೇಲೆ ಬೆಣ್ಣೆ ಉಂಡೆಯಿಟ್ಟು ಗಾಳಿಯ ಬಾಯಿಗೆ ಹಿಡಿಯುತ್ತಿದ್ದರು. ಅದು ಗಟ್ಟಿಯಾಗೇ ಇದ್ದರೆ ಏಸಿ ಸರಿ, ಕರಗಿದರೆ ರೋಗ! ಬೆಣ್ಣೆ ಕರಗಿ ನನ್ನ ಸೀರೆಯ ಮೇಲೆ ಇಳಿದಾಗ, “ಪರೀಕ್ಷೆ ಮಾತ್ರ ಚೆನ್ನಾಗಿ ಆಯ್ತು” ಎಂದರು.

ಮೆಕ್ಯಾನಿಕ್ಕಿಗೆ ತೋರಿಸಬಾರದೇ? ಕೇಳಿ ನೋಡಿ! “ಲಾರಿ ಮೆಕ್ಯಾನಿಕ್ಕಿಗೆ ಏಸಿ ತೋರಿಸೋದೂ ಒಂದೇ, ದನದ ಡಾಕ್ಟರಿಗೆ ಹಲ್ಲು ತೋರಿಸೋದೂ ಒಂದೇ.” ಬಾನೆಟ್ಟನ್ನು ಯಾರಿಗೂ ಮುಟ್ಟಗೊಡಲಿಲ್ಲ.

ಒಮ್ಮೆ, ಹೊಸೂರಿನ ಬಿಸಿಲು ಪರೀಕ್ಷೆಗೆ ಸಾಲದೆಂದು ಕೃಷ್ಣಗಿರಿಗೇ ಇಳಿದೆವು. ಶೂಲಗಿರಿ ದಾಟುವಷ್ಟರಲ್ಲಿ ನಾನು ಹಬೆಯಲ್ಲಿಟ್ಟ ಇಡ್ಲಿ! ಅಲ್ಲಿ ತೋಪಿನ ನೆರಳಲ್ಲಿ ಇಬ್ಬರೂ ಮೊಣಕೈವರೆಗೆ ರಸ ಸುರಿಸಿಕೊಂಡು ಮಾವಿನಹಣ್ಣು ತಿಂದೆವು. ಏಸಿಯ ಮಾತನ್ನು ಇಬ್ಬರೂ ಎತ್ತಲಿಲ್ಲ. ಇನ್ನೊಮ್ಮೆ, ಹೊಸೂರಿಗಿಂತಲೂ ತಣ್ಣನೆಯ ತಳಿ ಎಂಬ ಊರಿನ ಕಡೆ ಹೋದಾಗ ಮಾತ್ರ ಏಸಿ ಬಹಳ ಚೆನ್ನಾಗಿ ಕೆಲಸ ಮಾಡಿತು. ಆಗ ನನ್ನ ಕಡೆಯ ಗಾಜು ಇಳಿದಿತ್ತು, ಅಷ್ಟೆ.

ಯಾಕೆ ಹೋಗುತ್ತಿದ್ದೆ ಅನ್ನುತ್ತೀರಾ? ಪಾಪ, ಅವರಿಗೆ ಬೇರೆ ಯಾರಿದ್ದಾರೆ! ಒಂಟಿ ಜೀವ. ಅವರ ಅಂಗಿಯ ಎರಡನೆಯ ಗುಂಡಿ ಯಾವಾಗಲೂ ಬೇರೆ ಬಣ್ಣದ ದಾರದಲ್ಲಿರುತ್ತಿತ್ತು. ದಾರಿಯುದ್ದಕ್ಕೂ ನನ್ನ ಶಾಲೆಯ ಕಥೆಗಳನ್ನೇ ಕೇಳುತ್ತಿದ್ದರು. ಹೇಳಿದ್ದನ್ನೇ ಹೇಳಿದರೂ ಮೊದಲ ಸಲದಂತೆ ನಗುತ್ತಿದ್ದರು.

ಆದರೆ ಅಂದು ಸಂಜೆ ಯಜಮಾನರು ಫ್ಯಾಕ್ಟರಿಯಲ್ಲಿ ಏಸಿ ನೋಡಿಕೊಳ್ಳುವವರೊಬ್ಬರನ್ನು ಕರೆತಂದೇಬಿಟ್ಟರು. “ಚಿಕ್ಕಪ್ಪನ ಕಾಟ ಇವತ್ತಿಗೆ ಮುಗೀತು ನೋಡು” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾಳೆಯಿಂದ ಆ ಹಾರನ್ ಇಲ್ಲವೇ?

ಹೇಳಿಕಳಿಸಿದ್ದಕ್ಕೆ ಕಾರು ತಂದ ಚಿಕ್ಕ ಮಾವ ಬಾನೆಟ್ಟಿಗೆ ಅಡ್ಡವಾಗಿ ನಿಂತರು. “ಇವರಿಗೇಕೆ ತೊಂದರೆ? ಮೊದಲು ಕಾಫಿ ಕುಡೀಲಿ. ಇನ್ನೊಂದು ಲೋಟ ಕೊಡಮ್ಮಾ!” ಎರಡನೆಯ ಕಾಫಿಯೂ ಮುಗಿಯಿತು. ಬಾನೆಟ್ ತೆರೆದ ಆತ ಒಮ್ಮೆ ಬಗ್ಗಿ ನೋಡಿ ನಕ್ಕುಬಿಟ್ಟ.

“ಸಾರ್, ಕಂಪ್ರೆಸರ್ ತಿರುಗಿಸೋ ಬೆಲ್ಟೇ ಇಲ್ವಲ್ಲ! ಬರೀ ಫ್ಯಾನ್ ಗಾಳಿ ಬರ್ತಿದೆ. ನಾಳೆ ಹೊಸ ಬೆಲ್ಟ್ ಹಾಕಿದ್ರೆ ಐಸ್ ಪೆಟ್ಟಿಗೆ ಆಗುತ್ತೆ.”

“ಹೌದೇ! ಎಲ್ಲಿ ಉದುರಿಹೋಯ್ತೋ!” ಎಂದರು ಮಾವ. ಎಲ್ಲರೂ ಎಂಜಿನ್ ನೋಡುತ್ತಿದ್ದರೆ ಅವರು ನನ್ನನ್ನು ನೋಡುತ್ತಿದ್ದರು. ಆಮೇಲೆ ನಾಲ್ಕೂ ಗಾಜು ಇಳಿಸಿಕೊಂಡು ಹೊರಟುಹೋದರು.

ಕತ್ತಲಾಗುವ ಮುಂಚೆ ಖಾಲಿ ಚೊಂಬು ಕೊಡಲು ಹಿತ್ತಿಲಿಗೆ ಹೋದೆ. ಗೋಡೆಯಾಚೆ ಮುನಿಯಮ್ಮ ಹಸುವಿಗೆ ಹುಲ್ಲು ಹಾಕುತ್ತಿದ್ದಳು. “ಮಾವನ ಕಾರಿನ ಬೆಲ್ಟು ಎಲ್ಲೋ ಉದುರಿಹೋಗಿದೆಯಂತೆ ಮುನಿಯಮ್ಮ. ಪಾಪ, ಇಷ್ಟು ದಿನ ಅವರಿಗೆ ಗೊತ್ತೇ ಇರಲಿಲ್ಲ” ಎಂದೆ.

ಅವಳು ತಿರುಗಿಯೂ ನೋಡಲಿಲ್ಲ.

“ಉದುರೋದೆಲ್ಬಂತು ಅಮ್ಮಣ್ಣಿ! ಅವ್ರೇ ಬಿಚ್ಕೊಂಬಂದು, ಕರೂನ ಕಟ್ಟಾಕ್ಕೊ ಅಂತ ನಂಗೆ ಕೊಟ್ರಲ್ಲ. ‘ಆ ಮಗು ದಿನಾ ಮನೇಲಿ ಒಬ್ಳೇ ಕುಂತಿರ್ತಾಳೆ, ಇದು ನೆಟ್ಟಗಾಗ್ಬುಟ್ರೆ ಇನ್ಯಾವ ನೆಪ ಹೇಳಿ ಆಚೆ ಕರ್ಕೊಂಡೋಗ್ಲಿ’ ಅಂದ್ರು. ವಸಿ ಆ ಹುಲ್ನ ಕಂತೆ ಇತ್ತ ಕೊಡಿ.”