ಹೊಸಬರಿಗೊಂದು ಒಡಪು

ನಮ್ಮ ಕಾಕಾನ ಮನೆಗೆ ಹೊಸಬರಾಗಿ ಹೋಗಿ ಹೊಸಬರಾಗಿಯೇ ಹೊರಗೆ ಬಂದವರು ಒಬ್ಬರೂ ಇಲ್ಲ. ಹೆಸರು ಬದಲಾಗಿ ಬಂದವರಿದ್ದಾರೆ, ಚಪ್ಪಲಿ ಬದಲಾಗಿ ಬಂದವರಿದ್ದಾರೆ, ಒಬ್ಬರಂತೂ ಅಳುಮೋರೆ ಹೊತ್ತು ಹೋಗಿ ಹಾಡುತ್ತಾ ಬಂದಿದ್ದರು! ಬಣ್ಣ ಹಚ್ಚಿ ಹೇಳುತ್ತಿದ್ದೇನೆ ಅಂದುಕೊಂಡಿರಾ? ಸ್ವಲ್ಪ ಹಚ್ಚಿದ್ದೇನೆ. ಆದರೆ ಚಪ್ಪಲಿಯ ವಿಷಯ ಖರೆ.

ಕಾಕಾ ಶಹಾಪುರದ ಹತ್ತಿರ ಕೆನಾಲ್ ಆಫೀಸಿನಲ್ಲಿ ಗುಮಾಸ್ತ. ಕೃಷ್ಣೆಯ ನೀರು ಕಾಲುವೆಗೆ ಬರುವ ಮೊದಲೇ ಆ ಬಯಲಿಗೆ ಮಂದಿ ಬಂದಿದ್ದರು. ಹಾಸನದವರು, ಮಂಡ್ಯದವರು, ಬೀದರದವರು. ಎಲ್ಲರೂ ವರ್ಗವಾಗಿ ಬಂದು, ಕ್ವಾರ್ಟರ್ಸಿನ ಬಾಗಿಲು ಹಾಕಿಕೊಂಡು ಕೂತವರು. ಆ ಬಾಗಿಲು ತೆಗೆಸುವ ಕೆಲಸವನ್ನು ಸರಕಾರ ಯಾರಿಗೂ ಒಪ್ಪಿಸಿರಲಿಲ್ಲ. ಕಾಕಾ ತಾನೇ ಮೈಮೇಲೆ ಎಳೆದುಕೊಂಡ. ಕಾಲನಿಗೆ ಹೊಸಬರು ಬಂದರೆ ಆ ರವಿವಾರ ಸಂಜೆ ಕಾಕಾನ ಅಂಗಳದಲ್ಲಿ ಜಮಖಾನ ಬೀಳಬೇಕು. ಚಹಾ, ಚುರುಮುರಿ, ಆಮೇಲೆ ಆಟ. ರಜೆಗೆ ಹೋದ ನಾನು ಜಮಖಾನ ಹಾಸುವವನು.

ಮೊದಲು ತಿನಿಸಿನ ಆಟ. ಹೊಸಬರು ತಮ್ಮ ಹೆಸರಿಗೆ ಒಂದು ತಿನಿಸು ಅಂಟಿಸಿ ಹೇಳಬೇಕು, ಉಳಿದವರು ಇನ್ನು ಮುಂದೆ ಹಾಗೇ ಕರೆಯಬೇಕು. ರಾಮಸಮುದ್ರದಿಂದ ಬಂದ ಹೊಸ ಟೈಪಿಸ್ಟ್ ಗಾಬರಿಯಲ್ಲಿ ಬಾಯಿಗೆ ಬಂದದ್ದು ಹೇಳಿಬಿಟ್ಟ: "ಮಿರ್ಚಿ ಮಲ್ಲಣ್ಣ." ಪಾಪ, ಖಾರ ತಿಂದರೆ ಆತನಿಗೆ ಹೊಟ್ಟೆ ಉರಿ. ಅಂದಿನಿಂದ ಯಾರ ಮನೆಗೆ ಹೋದರೂ ಪ್ರೀತಿಯಿಂದ ಎದುರಿಗೆ ಬರುವುದು ಒಂದು ತಾಟು ಮಿರ್ಚಿ ಭಜಿ!

"ಕಾಕಾರ, ಕೈ ಮುಗೀತೀನ್ರಿ, ಹೆಸರು ಬದಲಿ ಮಾಡ್ರಿ. ಸಾಯಾಕತ್ತೀನಿ."

"ಇಟ್ಟ ಹೆಸರು ಬದಲಿ ಆಗಂಗಿಲ್ಲೋ ತಮ್ಮ. ಒಳಗಿನ ಮೆಣಸಿನಕಾಯಿ ತಗದು ತಿನ್ನು."

ಚಪ್ಪಲಿ ಆಟವೂ ಕಾಕಾನದೇ ತಲೆ. ಎಲ್ಲರ ಚಪ್ಪಲಿ ಗುಡ್ಡೆ ಹಾಕಿ, ಕಣ್ಣು ಮುಚ್ಚಿ ಒಂದನ್ನು ಎತ್ತಿ, ಅದರ ಒಡೆಯರನ್ನು ಮಾತಾಡಿಸಿ ಪತ್ತೆ ಹಚ್ಚಬೇಕು. ಒಮ್ಮೆ ಆಟದ ನಡುವೆ ಕರೆಂಟು ಹೋಯಿತು ನೋಡಿ! ಮರುದಿನ ಇಡೀ ಕಾಲನಿ ಕಾಲಿಗೊಬ್ಬರ ಚಪ್ಪಲಿ ಮೆಟ್ಟಿಕೊಂಡು ಮನೆಮನೆ ತಿರುಗಿತು. ಕಾಕಾಗೆ ಒಂದಿಷ್ಟೂ ನಾಚಿಕೆಯಿಲ್ಲ. "ಚಲೋ ಆತು. ಯಾರ ಮನಿ ಎಲ್ಲಿ ಅದ ಅಂತ ಎಲ್ಲಾರಿಗೂ ಗೊತ್ತಾತು" ಅಂದ.

ಕಡೆಯದು ಒಡಪು. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲಿ ಎಲ್ಲರೂ ಸೇರಿ ಕಾಡಿದರೆ ಪ್ರಾಸ ಕಟ್ಟಿ, ಅದರೊಳಗೆ ಹೆಸರು ಸೇರಿಸಿ ಹೇಳುತ್ತಾಳೆ. ಕಾಕಾ ಗಂಡಸರನ್ನೂ ಬಿಡುತ್ತಿರಲಿಲ್ಲ. ಗೊಣಗಿದರೆ ಮುಗಿಯಿತು, ಕಿವಿಗೆ ಕೈ ಹಚ್ಚಿ ಕೂಗುತ್ತಿದ್ದ: "ಕೇಳಸಲಿಲ್ಲ! ಇನ್ನೊಮ್ಮೆ ಹೇಳ್ರಿ!"

ಹಾಸನದ ಕಡೆಯಿಂದ ಒಬ್ಬ ಎಂಜಿನಿಯರು ಬಂದರು. ಹೆಂಡತಿಯನ್ನು ಊರಲ್ಲೇ ಬಿಟ್ಟು, ಟ್ರಂಕಿನ ಹಗ್ಗ ಕೂಡ ಬಿಚ್ಚದೆ, ವರ್ಗ ರದ್ದಾಗುವ ದಾರಿ ಕಾಯುತ್ತಿದ್ದರು. ಅವರನ್ನು ಕಂಡ ಕಾಕಾ ಬಾಗಿಲಲ್ಲೇ ಅಬ್ಬರಿಸಿದ: "ಬರ್ರಿ! ಕುಂದರ್ರಿ! ಚಾ ಕುಡೀರಿ!"

ಅವರ ಮುಖ ಬಿಳುಚಿಕೊಂಡಿತು. "ಯಾಕ್ರೀ ಹೀಗೆ ಗದರ್ತೀರಾ? ನಾನೇನ್ ಮಾಡ್ದೆ?"

"ಗದರಿಸಿಲ್ರೀ ಸಾಹೇಬ್ರ! ಕರದೀನಿ!"

ಎಲ್ಲರೂ ನಕ್ಕರು, ಅವರೂ ನಕ್ಕರು. ಒಡಪಿನ ಸರದಿ ಬಂದಾಗ ಬಹಳ ಹೊತ್ತು ತಲೆ ತುರಿಸಿಕೊಂಡು ಹೇಳಿದರು: "ಕೆನಾಲಿಗೊಂದು ಗೇಟು, ಗೇಟಿಗೊಂದು ಬೀಗ, ಸುಧಾ ಕರೆದ್ರೆ ಊರಿಗೆ ಹೋಗ್ತೀನಿ ಬೇಗ!" ಕಾಕಾ ಶಹಬ್ಬಾಸ್ ಅಂದು, "ನೀವು ಹೋಗೂದು ಬ್ಯಾಡ್ರಿ, ಅವರನ್ನ ಇಲ್ಲಿಗೇ ಕರಸ್ರಿ" ಅಂದ. ಹಾಡುತ್ತಾ ಮನೆಗೆ ಹೋದವರು ಇವರೇ. ಟ್ರಂಕಿನ ಹಗ್ಗ ಬಿಚ್ಚಿದರು, ಸುಧಾ ಅವರೂ ಬಂದರು.

ಇಷ್ಟು ಜನರ ಬಾಯಿ ಬಿಡಿಸಿದ ಕಾಕಾಗೆ ಒಬ್ಬರ ಬಾಯಿ ಮಾತ್ರ ಬಿಡಿಸಲಾಗಲಿಲ್ಲ. ಸರದಿ ತನ್ನ ಹತ್ತಿರ ಬಂತು ಅಂದರೆ ಕಾಕಿ ಎದ್ದುಬಿಡುತ್ತಿದ್ದಳು. "ಅಯ್ಯ, ಒಲಿ ಮ್ಯಾಲ ಹಾಲು ಇಟ್ಟೀನಿ!" ಯಾವ ಹಾಲು? ಅಷ್ಟೊತ್ತಿಗೆ ಹಾಲೆಲ್ಲ ಮುಗಿದು ನಾವು ಕರಿ ಚಹಾ ಕುಡಿಯುತ್ತಿದ್ದೆವು! ಕಾಕಾ ಅಡುಗೆಮನೆಯ ಕಡೆ ನೋಡಿ ನಗುತ್ತಿದ್ದ. ಆದರೆ ಪ್ರತಿ ಸಲವೂ ಕೇಳುತ್ತಿದ್ದ.

ನಿವೃತ್ತಿಯಾಯಿತು. ಕ್ವಾರ್ಟರ್ಸ್ ಬಿಟ್ಟು ಸುರಪುರದ ಹಳೆಯ ಓಣಿಯೊಂದರಲ್ಲಿ ಮನೆ ಹಿಡಿದರು. ನಾನು ನೋಡಲು ಹೋದರೆ ಕಾಕಿ ಬಾಗಿಲಲ್ಲೇ ಪಿಸುಗುಟ್ಟಿದಳು: "ನಿಮ್ಮ ಕಾಕಾ ಮಾತೇ ಬಿಟ್ಟಾರ. ಉಣ್ರಿ ಅಂದ್ರ ಉಣತಾರ, ಏಳ್ರಿ ಅಂದ್ರ ಏಳತಾರ. ಹೊಸ್ತಿಲಾ ದಾಟವಲ್ರು."

ಕಾಕಾ ಗೋಡೆಗೆ ಮುಖ ಮಾಡಿ ಕೂತಿದ್ದ. ಆ ಮನುಷ್ಯನನ್ನು ಹಾಗೆ ನೋಡಲಾಗದೆ, "ಕಾಕಾ, ಜಮಖಾನ ಹಾಸಲೇನು?" ಅಂದೆ.

"ಹುಚ್ಚದೀ ಏನು? ಅಲ್ಲಿ ಬಂದವರೆಲ್ಲಾ ಹೊಸಬರು, ನಾ ಹಳಬ. ಇಲ್ಲಿ ಓಣಿಗೆ ಓಣಿನೇ ಹಳಬರು, ಹೊಸಬ ನಾ ಒಬ್ಬನೇ. ಹಳಬರು ಕರೀಬೇಕು, ಹೊಸಬ ಹೋಗಬೇಕು. ಹೊಸಬನೇ ಕರದರ ಅದು ಆಟ ಅಲ್ಲೋ, ಭಿಕ್ಷಾ." ಮತ್ತೆ ಹೇಳಿದ: "ಕೆನಾಲ್ ಕ್ಯಾಂಪಿಗೆ ಮೊದಲ ಹೋದಾಗೂ ಹಿಂಗೇ ಇತ್ತು. ಯಾರೂ ಮಾತಾಡಸಲಿಲ್ಲ. ಪೂರಾ ಒಂದು ವಾರ ಮಣ್ಣು ಹೊರೋ ಕತ್ತಿ ಜೋಡಿ ಮಾತಾಡೀನಿ. ಅದು ಕಿವಿಯರೆ ಅಲ್ಲಾಡಸ್ತಿತ್ತು. ಇಲ್ಲಿ ಕತ್ತಿನೂ ಇಲ್ಲ."

ನನ್ನ ಚಹಾಕ್ಕೆಂದು ಒಲೆಯ ಮೇಲೆ ಹಾಲಿಟ್ಟಿದ್ದ ಕಾಕಿ ಇದನ್ನೆಲ್ಲ ಕೇಳಿಸಿಕೊಂಡಿದ್ದಳು. ಬಡಬಡನೆ ಕೊಡ ಎತ್ತಿಕೊಂಡು ಮನೆಯ ಎದುರಿನ ನಳದ ಹತ್ತಿರ ನಡೆದಳು. ಅಲ್ಲಿ ಸೇರಿದ್ದ ಹೆಂಗಸರು ಹೊಸ ಮುಖ ಕಂಡು ಮಾತು ನಿಲ್ಲಿಸಿದರು. ಒಬ್ಬ ಮುದುಕಿ ಕೇಳಿದಳು: "ಯಾರ ಮನಿಯವರವ್ವ ನೀ?"

ಬೆರಳು ತೋರಿಸಿದ್ದರೆ ಸಾಕಿತ್ತು. ಕಾಕಿ ಕೊಡ ಕೆಳಗಿಟ್ಟಳು. ಮುಖ ಕೆಂಪಾಗಿತ್ತು. ಓಣಿಯ ಆ ತುದಿಗೂ ಕೇಳುವಂತೆ ಹೇಳಿದಳು:

"ಕಾಲುವಿ ನೀರು ಬಂದು ಹೊಲಾ ಆತು ಹಸರ,
ಓಣಿ ಮಂದಿ ಕೇಳ್ರಿ, ....... ನನ್ನ ಯಜಮಾನರ ಹೆಸರ!"

ಚುಕ್ಕೆಗಳ ಜಾಗದಲ್ಲಿದ್ದ ಹೆಸರನ್ನು ನಾನು ಬರೆಯುವುದಿಲ್ಲ. ಅದು ಕಾಕಿಯ ಸ್ವತ್ತು.

"ಅಯ್ಯ ನನ್ನವ್ವ! ಭಾರಿ ಹೇಳಿದಿ ಬಿಡು!" ಮುದುಕಿ ಚಪ್ಪಾಳೆ ತಟ್ಟಿದಳು. "ಎಲ್ಲಿ ಅದಾರ ಆ ಯಜಮಾನರು? ಹೊರಗ ಬರ್ರಿ ಅನ್ನು, ನಾವೂ ನೋಡ್ತೀವಿ!"

ತಿರುಗಿ ನೋಡಿದರೆ ಕಾಕಾ ಹೊಸ್ತಿಲು ದಾಟಿ ನಿಂತಿದ್ದ. ಒಂದು ಕಾಲಲ್ಲಿ ಅವನ ಚಪ್ಪಲಿ, ಇನ್ನೊಂದರಲ್ಲಿ ನನ್ನದು. ಕಣ್ಣ ತುಂಬ ನೀರು. ಮೆಲ್ಲಗೆ ಕೈ ಕಿವಿಗೆ ಹಚ್ಚಿದ.

"ಕೇಳಸಲಿಲ್ಲ... ಇನ್ನೊಮ್ಮೆ ಹೇಳು."

ಅಂದು ಒಲೆಯ ಮೇಲೆ ಖರೇನೇ ಹಾಲಿತ್ತು. ಅದು ಉಕ್ಕಿ ಸೀದ ವಾಸನೆ ಓಣಿಗೆಲ್ಲ ಬರುತ್ತಿತ್ತು. ಕಾಕಿ ಆ ಕಡೆ ತಿರುಗಿಯೂ ನೋಡದೆ, ಸೆರಗು ಸರಿಮಾಡಿಕೊಂಡು, ಇನ್ನೊಮ್ಮೆ ಹೇಳಿದಳು.