ಮಸೀದಿ ನೋಡಾಕೆ ಆಪಾ ಬಂದ ದಿನ

ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದೋನು ನಾನು. ನಗೋ ಪ್ರಸಂಗ ಹುಡುಕ್ಕೊಂಡು ಎಂದೂ ಹೋದೋನಲ್ಲ, ಅವೇ ಟಿಕೆಟ್ ತಗೊಳ್ದೆ ಹತ್ತಿಕೊಂಡು ಬರ್ತಿದ್ವು. ರಿಟೈರ್ ಆದೆ, ಇನ್ನು ಆ ಕಾಟ ತಪ್ಪಿತು ಅಂತ ಹೊನ್ನಾಳಿಯ ನಮ್ಮ ಮನೆ ಮುಂದೆ ಕುರ್ಚಿ ಹಾಕ್ಕೊಂಡು ಕೂತೆ. ಎಲ್ಲಿ ತಪ್ಪುತ್ತೆ! ಹೋದ ವರ್ಷ ಒಂದು ಭಾನುವಾರ ನಾವು ಆರು ಜನ ಸೇರಿ ಚನ್ನಗಿರಿ ಕಡೆಯ ಒಂದು ಹಳೇ ಮಸೀದಿ ನೋಡಾಕೆ ಹೋದ್ವಿ. ಅವತ್ತಿಂದ ಇವತ್ತಿನವರೆಗೂ ನಮ್ಮ ಬೀದಿಯಲ್ಲಿ ಅದರದ್ದೇ ಮಾತು.

ನಲವತ್ತು ವರ್ಷ ಬಾರದ ಮಾತು

ನಮ್ಮ ಪಕ್ಕದ ಮನೆಯವರು ಗಾರೆ ಮೇಸ್ತ್ರಿ. ಸಿಮೆಂಟ್ ಬಂದ ಮೇಲೆ ಹಳೇ ಕಾಲದ ಸುಣ್ಣದ ಗಾರೆ ಮಾಡಾಕೆ ಬರೋರು ನಮ್ಮ ಕಡೆ ಬೆರಳೆಣಿಕೆಯಷ್ಟು ಮಂದಿ, ಅವರಲ್ಲಿ ಇವರೊಬ್ಬರು. ಆ ಊರಿನ ಪಾಳು ಬಿದ್ದ ಮಸೀದಿ ರಿಪೇರಿ ಶುರುವಾದಾಗ ಇವರನ್ನ ಹುಡುಕ್ಕೊಂಡು ಬಂದು ಕರ್ಕೊಂಡು ಹೋದ್ರು. ಎರಡು ವರ್ಷ ಅಲ್ಲೇ ಕೆಲಸ ಮಾಡಿದ್ರು, ವಾರಕ್ಕೊಂದು ಸಲ ಮನೆಗೆ ಬರೋರು.

ಇವರ ಹೆಂಡತಿಯನ್ನ ಬೀದಿಯವರೆಲ್ಲ ಆಪಾ, ಅಂದ್ರೆ ಅಕ್ಕ, ಅಂತೀವಿ. ಗಂಡ ಹೆಂಡತಿ ಮನೇಲಿ ಮಾತಾಡೋದು ಉರ್ದು, ಜಗಳ ಆಡೋದು ಮಾತ್ರ ಕನ್ನಡದಲ್ಲಿ. ಯಾಕೆ ಆಪಾ ಅಂದ್ರೆ, "ಬೀದಿಯೋರಿಗೂ ಅರ್ಥ ಆಗಲಿ ಬಿಡ್ರಿ, ತಪ್ಪು ಯಾರದ್ದು ಅಂತ" ಅಂತಾರೆ. ಒಳ್ಳೇ ಹೆಂಗಸು, ರಂಜಾನ್ ಹಬ್ಬಕ್ಕೆ ಸುರ್‌ಕುರ್ಮಾ ಪಾಯಸ ಮೊದಲು ಬರೋದು ನಮ್ಮ ಮನೆಗೇ. ಆದ್ರೆ ಗಂಡನ ಕೆಲಸವನ್ನ ಹೊಗಳೋದು ಅಂದ್ರೆ ಮಾತ್ರ ಆಗಿಬರಲ್ಲ. ಮೇಸ್ತ್ರಿ ಒಬ್ಬ ದೊಡ್ಡ ಮನುಷ್ಯರ ಮನೆ ಕಟ್ಟಿ ಮುಗಿಸಿ ತೋರಿಸಿದ್ರೆ, "ಬಚ್ಚಲ ಬಾಗಿಲು ಸಣ್ಣದಾತು, ಆ ಯಜಮಾನರ ಹೊಟ್ಟೆ ನೋಡಿರ್ಲಿಲ್ವಾ?" ಅಂದಿದ್ರು. ಶಾಲೆ ಕಾಂಪೌಂಡ್ ತೋರಿಸಿದ್ರೆ, "ನೇರ ಏನೋ ಐತೆ, ಆದ್ರೆ ಇಷ್ಟು ಎತ್ತರ ಕಟ್ಟಿದ್ರೆ ಹುಡುಗ್ರು ಹಾರೋದು ಹೆಂಗೆ?" ಅಂದಿದ್ರು.

ಮಸೀದಿ ಕೆಲಸ ಮುಗಿದ ಮೇಲೆ ಮೇಸ್ತ್ರಿ ಒಂದಿನ ನನ್ನ ಪಕ್ಕ ಬಂದು ಕೂತು, ದನಿ ಇಳಿಸಿ ಹೇಳಿದ್ರು: "ಅಣ್ಣಾ, ಮದುವೆ ಆಗಿ ನಲವತ್ತು ವರ್ಷ ಆತು. ನನ್ನ ಕೆಲಸ ನೋಡಿ ಒಂದೇ ಒಂದ್ಸಲ ಅವಳು 'ಚೆಂದ ಐತೆ' ಅಂದಿಲ್ಲ. ಈ ಮಸೀದಿ ನೋಡಿಯೂ ಅನ್ನದೇ ಹೋದ್ರೆ, ಇನ್ನು ಈ ಜನ್ಮದಾಗೆ ಅನ್ನಲ್ಲ. ನಾನು ಕರೆದ್ರೆ ಬರಲ್ಲ. ನೀವೆಲ್ಲ ಹೊರಡ್ರಿ, ಆಗ ಬರ್ತಾಳೆ."

ಅಯ್ಯೋ ಪಾಪ ಅನ್ನಿಸ್ತು. ಹೆಂಗಾದ್ರೂ ಮಾಡಿ ಆ ಮಾತು ಆಪಾ ಬಾಯಿಂದ ಹೊರಡಿಸಲೇಬೇಕು ಅಂತ ನಾನೇ ಮುಂದೆ ನಿಂತು ಪ್ರವಾಸ ಗೊತ್ತುಮಾಡಿದೆ. ನನ್ನ ಹೆಂಡತಿಗೆ ವಿಷಯ ಹೇಳಿದೆ. ಅವಳು ಅಂದಳು: "ಮೊದಲು ನೀವು ನನ್ನ ಅಡಿಗೆ ನೋಡಿ ಒಂದ್ಸಲ ಅನ್ರಿ. ಆಮೇಲೆ ಪಕ್ಕದ ಮನೆ ಉದ್ಧಾರ ಮಾಡೀರಂತೆ."

ಯಾವ ಮಸೀದಿ ಬೇಕು?

ಗಾಡಿ ನನ್ನ ಬಾಮೈದನದು. ಅವನು ನ್ಯಾಮತಿಯೋನು, ಅಡಿಕೆ ತೋಟದ ಫಸಲು ಗುತ್ತಿಗೆ ಹಿಡಿಯೋ ಚೇಣಿ ವ್ಯಾಪಾರ. ಬೆಳಿಗ್ಗೆ ಏಳಕ್ಕೆಲ್ಲ ಓಮ್ನಿ ತಂದು ನಿಲ್ಲಿಸಿದ. ಜೊತೆಗೆ ನನ್ನ ಹೆಂಡತಿಯ ದೊಡ್ಡಮ್ಮ ಬೇರೆ ಹೊರಟು ನಿಂತಿದ್ರು. ಜಗಳೂರು ತಾಲ್ಲೂಕಿನ ಸೊಕ್ಕೆಯವರು, ಮಂಡಿನೋವಿಗೆ ಡಾಕ್ಟ್ರಿಗೆ ತೋರ್ಸಾಕೆ ಅಂತ ನಮ್ಮನೆಗೆ ಬಂದಿದ್ರು. "ಮಂಡಿನೋವು ಅಂತೀರಿ, ಎಲ್ಲಿಗೆ ಬರ್ತೀರಿ?" ಅಂದ್ರೆ, "ನೋವು ಮಂಡಿಗೆ, ಕಣ್ಣಿಗಲ್ಲ" ಅಂದು ಮುಂದಿನ ಸೀಟಿನಾಗೆ ಕೂತೇಬಿಟ್ರು.

ಎರಡು ವರ್ಷ ಓಡಾಡಿದ ಮೇಸ್ತ್ರಿಗೆ ದಾರಿ ಗೊತ್ತಿರುತ್ತೆ ಅಂತ ನಾವು ನಂಬಿದ್ವಿ. ಕೆರೆಬಿಳಚಿ ದಾಟಿದ ಮೇಲೆ ಒಂದು ಕೂಡುದಾರಿ ಬಂತು. "ಎಡಕ್ಕೋ ಬಲಕ್ಕೋ?" ಅಂದ ಬಾಮೈದ. ಮೇಸ್ತ್ರಿ ತಲೆ ಕೆರ್ಕೊಂಡ್ರು. "ನಾನು ಬಸ್ಸಿನಾಗೆ ಹತ್ತಿದ ಕೂಡ್ಲೇ ಮಲಗಿಬಿಡ್ತಿದ್ದೆ. ಊರು ಬಂದಾಗ ಕಂಡಕ್ಟರ್ ಎಬ್ಬಿಸ್ತಿದ್ದ" ಅಂದ್ರು.

ಎಲ್ಲರೂ ತಿರುಗಿ ನನ್ನ ಮುಖ ನೋಡಿದ್ರು, ನನ್ನಿಂದಲೇ ತಪ್ಪಾದಂಗೆ! ಆಪಾ ಹಿಂದಿನ ಸೀಟಿಂದ, "ಬರೀ ನಿದ್ದೆ ಮಾಡಾಕೆ ಹೋಗಿದ್ರು ಅನ್ನೋದು ಗ್ಯಾರಂಟಿ ಆತು ಬಿಡ್ರಿ" ಅಂದ್ರು.

ಅಂತೂ ಊರು ಮುಟ್ಟಿ, ಕಟ್ಟೆ ಮೇಲೆ ಕೂತಿದ್ದ ಯಜಮಾನರೊಬ್ಬರನ್ನ ಕೇಳಿದೆ: "ಮಸೀದಿ ಎಲ್ಲಿ ಬರುತ್ತೆ ಯಜಮಾನ್ರೇ?"

"ಎರಡು ಅದಾವೆ. ಯಾವುದು ಬೇಕು?"

"ಹಳೇದು."

"ಹಳೇದು ಈಗ ಹೊಸಾದಾಗೈತೆ. ಹೊಸಾದಕ್ಕೆ ಬಣ್ಣ ಹೋಗಿ ಹಳೇದಾಗೈತೆ. ಸರಿಯಾಗಿ ಹೇಳ್ರಿ, ಯಾವುದಕ್ಕೆ ಹೋಗಬೇಕು?"

ಒಳಗೆ ಜಾಗ ಐತೆ

ರಿಪೇರಿ ಆಗಿರೋದು ಅಂದ ಮೇಲೆ ಯಜಮಾನರು ದಾರಿ ತೋರಿಸಿದ್ರು, ಹೋಗಿ ನಿಂತು ನೋಡಿದ್ವಿ. ಕರಿಕಲ್ಲಿನ ಕಂಬ, ಸಾಲು ಕಮಾನು, ಮೇಲೆ ಬೆಳ್ಳಗಿನ ಗುಮ್ಮಟ. ಹಿಂದೆ ಅಲ್ಲಿ ಮುಳ್ಳುಕಂಟಿ ಬೆಳೆದು ಹಗಲಲ್ಲೂ ಜನ ಹೋಗಾಕೆ ಹೆದರ್ತಿದ್ರಂತೆ. ಅಂಗಳದ ಕೊಳದಲ್ಲಿ ಕೈಕಾಲು ತೊಳೆದು ಮೆಟ್ಟಿಲು ಹತ್ತಿದ್ವಿ. ಮೇಸ್ತ್ರಿ ಆಸೆಯಿಂದ ಹೆಂಡತಿ ಮುಖ ನೋಡಿದ್ರು. ಆಪಾ ಅಂದ್ರು: "ನೀರು ತಣ್ಣಗೈತೆ."

ಕೊಳದ ನೀರಿಗೂ ಮೇಸ್ತ್ರಿಗೂ ಏನು ಸಂಬಂಧ? ನನಗೆ ಸಿಟ್ಟೇ ಬಂತು.

ನಮಾಜಿನ ಹೊತ್ತಲ್ಲ, ಹೆಂಗಸರೂ ಬಂದು ನೋಡಬಹುದು ಅಂತ ಮಸೀದಿ ನೋಡಿಕೊಳ್ಳೋ ಅಜ್ಜ ಒಳಗೆ ಕರೆದ್ರು. ನಮಗಿಂತ ಮೊದಲು ಬಂದಿದ್ದ ಒಂದಷ್ಟು ಕಾಲೇಜು ಹುಡುಗ್ರು ಬಾಗಿಲಲ್ಲೇ ಗುಂಪುಗಟ್ಟಿ, ತಲೆ ಮೇಲೆತ್ತಿ ನೋಡ್ತಾ ನಿಂತಿದ್ರು. ನಮ್ಮ ದೊಡ್ಡಮ್ಮ ಅವರ ಹಿಂದೆ ಸಿಕ್ಕಿಹಾಕ್ಕೊಂಡು ಮಂಡಿ ಹಿಡ್ಕೊಂಡ್ರು. ಅದನ್ನ ಕಂಡದ್ದೇ ತಡ, ನನಗೆ ಮೈಮೇಲಿನ ಖಬರು ಹೋಯ್ತು. ಮೂವತ್ತೊಂದು ವರ್ಷದ ಚಟ ನೋಡ್ರಿ, ಗಂಟಲು ತಾನಾಗೇ ಕೂಗಿತು: "ಮುಂದೆ ಹೋಗ್ರೀ, ಮುಂದೆ! ಒಳಗೆ ಜಾಗ ಐತೆ!"

ಆ ಗುಮ್ಮಟ ಎಂಥದು ಅಂತೀರಿ! ನಾನು ಒಂದ್ಸಲ ಅಂದಿದ್ದನ್ನ ಅದು ನಾಲ್ಕು ಸಲ ಅಂತು. ಹುಡುಗ್ರು ಬೆಚ್ಚಿಬಿದ್ದು ಒಟ್ಟಿಗೇ ಮೂರು ಹೆಜ್ಜೆ ಮುಂದೆ ಹೋದ್ರು. ನನಗೆ ನಾಚಿಕೆಯಾಗಿ ಅಜ್ಜನ ಹತ್ರ ತಪ್ಪಾಯ್ತು ಅಂದೆ. ಅಜ್ಜ ನಗ್ತಾ ಅಂದ್ರು: "ಶುಕ್ರವಾರ ಬರ್ರಿ ಸಾಹೇಬ್ರೇ. ಎಷ್ಟು ಹೇಳಿದ್ರೂ ನಮ್ಮ ಜನ ಬಾಗಿಲಾಗೇ ನಿಲ್ತಾರೆ."

ಬಾಮೈದನ ಭಕ್ತಿ

ಮೇಸ್ತ್ರಿ ತಮ್ಮ ಕೆಲಸ ವಿವರಿಸಾಕೆ ಶುರು ಮಾಡಿದ್ರು. ಸುಣ್ಣ ಎಷ್ಟು ದಿನ ನೆನೆಹಾಕಿದ್ರು, ಮರಳು ಸೇರಿಸಿ ಗಾಣದಲ್ಲಿ ಹೆಂಗೆ ಅರೆದ್ರು, ಬೆಲ್ಲದ ನೀರು, ಅಳಲೆಕಾಯಿ ನೀರು ಯಾವಾಗ ಹಾಕಿದ್ರು, ಎಲ್ಲಾ ಹೇಳ್ತಾ ಹೋದ್ರು. ನನ್ನ ಹೆಂಡತಿ ಫೋಟೋ ತೆಗೀತಿದ್ಲು. ಆಪಾ ಎಲ್ಲಿಯಾದ್ರೂ ಜೇಡರಬಲೆ ಸಿಗುತ್ತಾ ಅಂತ ಮೂಲೆ ನೋಡ್ತಿದ್ರು.

ನಮ್ಮ ಬಾಮೈದ ಒಬ್ಬ ಮಾತ್ರ ಮೇಸ್ತ್ರಿ ಎದುರಿಗೆ ಕೈಕಟ್ಟಿ ನಿಂತು, ತುಟಿ ಪಿಟಕ್ ಅನ್ನದೆ ಕೇಳ್ತಿದ್ದ. ಅಚ್ಚರಿ ಆಯ್ತು. ಅಡಿಕೆ ರೇಟು ಬಿಟ್ಟು ಬೇರೆ ಮಾತು ಕೇಳೋ ಆಸಾಮಿಯೇ ಅಲ್ಲ ಅವನು. ಮೇಸ್ತ್ರಿ ಹೇಳಿದ್ದಕ್ಕೆಲ್ಲ "ಹ್ಞೂಂ" ಅಂತ ತಲೆ ಆಡಿಸ್ತಿದ್ದ. ಅರ್ಧ ಗಂಟೆ ಆದ ಮೇಲೆ ಅವನ ಕಣ್ಣಲ್ಲಿ ನೀರು ಬಂತು. ಮೇಸ್ತ್ರಿಗೆ ಹೃದಯ ತುಂಬಿಬಂತು. ನನ್ನ ಕಡೆ ತಿರುಗಿ ಅಂದ್ರು: "ಅಣ್ಣಾ, ದೊಡ್ಡ ದೊಡ್ಡ ಸಾಹೇಬ್ರು ಬಂದು ನೋಡ್ಯಾರೆ. ನನ್ನ ಗಾರೆ ಬಗ್ಗೆ ಕೇಳಿ ಕಣ್ಣೀರು ಹಾಕಿದೋರು ನಿಮ್ಮ ಬಾಮೈದ ಒಬ್ಬರೇ."

ಆಪಾ ದೂರದಿಂದಲೇ ಅಂದ್ರು: "ಅದು ಕಣ್ಣೀರಲ್ಲ ರೀ, ಎಲೆಅಡಿಕೆ! ಗಾಡಿ ಇಳಿಯೋ ಮುಂಚೆ ಬಾಯಿ ತುಂಬ ಹಾಕ್ಕೊಂಡಾನೆ. ಈ ಬಿಳೀ ಗೋಡೆ ನಡುವೆ ಉಗುಳಾಕೆ ಜಾಗ ಇಲ್ಲ, ನುಂಗಾಕೆ ಧೈರ್ಯ ಇಲ್ಲ. ಬಿಡ್ರಿ ಅವನ್ನ, ಸತ್ತುಗಿತ್ತಾನು!"

ಬಾಮೈದ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡು, ಅಂಗಳ ದಾಟಿ, ಗೇಟು ದಾಟಿ ರಸ್ತೆಗೆ ಓಡಿದ. ವಾಪಸ್ ಬಂದವನು ಅಂದ ಮೊದಲ ಮಾತು: "ಭಾವ, ಎಂಥಾ ಅಂಗಳ ಐತಿ ನೋಡು! ಮೂರು ತೋಟದ ಅಡಿಕೆ ಒಂದೇ ಸಲಕ್ಕೆ ಒಣಗಿಸಬಹುದಿತ್ತು."

ನಡುವೆ ಯಾರೂ ಇಲ್ದೆ

ನಮ್ಮ ಕಡೆ ದರ್ಗಾಕ್ಕೆ ಹೋದ್ರೆ ಯಾವ ಜಾತಿಯೋರೇ ಆಗಲಿ ಗದ್ದಿಗೆ ಮುಂದೆ ಸಕ್ಕರೆ ಇಟ್ಟು ಪ್ರಾರ್ಥನೆ ಓದಿಸಿಕೊಂಡು ಬರೋದು ಪದ್ಧತಿ, ಅದಕ್ಕೆ ಸಕ್ಕರೆ ಓದಿಸೋದು ಅಂತೀವಿ. ದೊಡ್ಡಮ್ಮ ಹಣೆ ತುಂಬ ವಿಭೂತಿ ಹಚ್ಚಿಕೊಂಡು, ಸೆರಗಿನ ತುದಿಗೆ ಅರ್ಧ ಕೇಜಿ ಸಕ್ಕರೆ, ಊದುಕಡ್ಡಿ ಕಟ್ಟಿಕೊಂಡು ಬಂದಿದ್ರು. ನಮಗ್ಯಾರಿಗೂ ಗೊತ್ತಿಲ್ಲ. ಕಂಬ ಕಂಬಕ್ಕೂ ಹೋಗಿ, ಸುತ್ತು ಹಾಕಿ, ಇಣುಕಿ ಇಣುಕಿ ನೋಡಿದ್ರು. ಕೊನೆಗೆ ಅಜ್ಜನನ್ನೇ ಹಿಡಿದ್ರು.

"ಸ್ವಾಮಿಗಳ ಗದ್ದಿಗೆ ಎಲ್ಲೈತಪ್ಪ? ಸಕ್ಕರೆ ಓದಿಸಬೇಕು."

"ಅವ್ವಾ, ಇದು ದರ್ಗಾ ಅಲ್ಲ, ಮಸೀದಿ. ಇಲ್ಲಿ ಯಾರ ಗದ್ದಿಗೆನೂ ಇಲ್ಲ."

"ಇಷ್ಟು ದೊಡ್ಡ ಗುಡಿ ಕಟ್ಟಿ ಒಳಗೆ ಯಾರೂ ಇಲ್ವಾ? ಹಂಗಾದ್ರೆ ನನ್ನ ಮಂಡಿನೋವು ಯಾರಿಗೆ ಹೇಳ್ಕೊಳ್ಳಲಿ?"

ಅಜ್ಜ ಮೇಲೆ ಬೆರಳು ತೋರಿಸಿದ್ರು. "ಅವನು ಮೇಲಿದ್ದಾನಲ್ಲ. ಅವನಿಗೇ ನೇರವಾಗಿ ಹೇಳ್ಕೊಳ್ರಿ."

"ನೇರವಾಗಿ?" ದೊಡ್ಡಮ್ಮನಿಗೆ ನಂಬಿಕೆನೇ ಬರಲಿಲ್ಲ. "ನಡುವೆ ಯಾರೂ ಇಲ್ದೆ?"

"ಯಾರೂ ಇಲ್ದೆ."

"ಗ್ರಾಮ ಪಂಚಾಯ್ತಿ ಮೆಂಬರ್ ಹತ್ರ ಮಾತಾಡಬೇಕಂದ್ರೂ ನಡುವೆ ಒಬ್ಬ ಬೇಕಲ್ಲಪ್ಪ!" ಅಂದು, ದೊಡ್ಡಮ್ಮ ಗುಮ್ಮಟದ ಕಡೆ ಮುಖ ಮಾಡಿ ಬಲಮಂಡಿಯ ಕಥೆಯನ್ನ ಮೊದಲಿಂದ ಹೇಳಾಕೆ ಶುರು ಮಾಡಿದ್ರು. ಆಪಾ ಪಕ್ಕದಲ್ಲಿ ನಿಂತು ಕೈ ಹಿಡ್ಕೊಂಡಿದ್ರು. ದೊಡ್ಡಮ್ಮ ತಂದ ಸಕ್ಕರೆಯಲ್ಲಿ ಅಜ್ಜ ನಮಗೆಲ್ಲ ಚಹಾ ಮಾಡಿಸಿದ್ರು. ನಾವು ಕುಡಿದು ಮುಗಿಸೋ ಹೊತ್ತಿಗೆ ದೊಡ್ಡಮ್ಮ ಬಂದು ಅಂದ್ರು: "ಬಲಮಂಡಿದು ಹೇಳಿ ಮುಗಿಸಿದೆ. ಎಡಮಂಡಿದು ಇನ್ನೊಂದ್ಸಲ ಬಂದಾಗ ಹೇಳ್ತೀನಿ, ಒಂದೇ ದಿನ ಎಲ್ಲಾ ಹೇಳಿದ್ರೆ ಅವನಿಗೂ ಬೇಜಾರು."

ಆಪಾ ಗೋಡೆ ಮುಟ್ಟಿದ್ದು

ನಮಾಜಿನ ಹೊತ್ತಾಗ್ತಾ ಬಂತು. ಇನ್ನು ಹೊರಡಬೇಕು. ಆಪಾ ಬಾಯಿಂದ ಆ ಮಾತು ಮಾತ್ರ ಬಂದಿಲ್ಲ. ಮೇಸ್ತ್ರಿ ಮುಖ ಸಣ್ಣಗಾಗಿತ್ತು. ನಾನು ಸುಮ್ಮನಿರಲಾರದೆ, "ಆಪಾ, ಆ ಪಶ್ಚಿಮದ ಗೋಡೆ ಒಂದು ನೋಡಿಬಿಡ್ರಿ" ಅಂದೆ. ಅದು ಇಮಾಮರು ನಿಲ್ಲೋ ಗೂಡಿನ ಪಕ್ಕದ ಗೋಡೆ. ಆ ಗೋಡೆ ಪೂರ್ತಿ ಮೇಸ್ತ್ರಿಯ ಒಂದೇ ಕೈಯ ಕೆಲಸ. ಸುಲಿದ ಮೊಟ್ಟೆ ಥರ ಬೆಳ್ಳಗೆ, ನುಣ್ಣಗೆ ಇತ್ತು.

ಆಪಾ ಕನ್ನಡಕ ಹಾಕ್ಕೊಂಡ್ರು. ಅಕ್ಕಿಯಲ್ಲಿ ಕಲ್ಲು ಹುಡುಕೋರ ಹಾಗೆ ಅಂಗೈ ಇಟ್ಟು ಈ ತುದಿಯಿಂದ ಸವರ್ತಾ ಹೊರಟ್ರು. ಮೇಸ್ತ್ರಿ ಒಂದೊಂದೇ ಹೆಜ್ಜೆ ಇಡ್ತಾ ಹಿಂದೆ ಹೋದ್ರು. ನಾವೂ ಹೋದ್ವಿ. ಗೋಡೆ ಮುಕ್ಕಾಲು ಮುಗೀತು. ಆಪಾ ಕೈ ನಿಂತಿತು.

"ಏನ್ರೀ, ಇಲ್ಲಿ ಗಂಟು ಐತೆ."

ನನ್ನ ಹೆಂಡತಿ ಮುಟ್ಟಿ ನೋಡಿದ್ಲು, ಸಿಗಲಿಲ್ಲ. ಬಾಮೈದ ನೋಡಿದ, ಸಿಗಲಿಲ್ಲ. ನಾನು ಬೆರಳ ತುದಿ ಇಟ್ಟು ಹುಡುಕಿದಾಗ ಸಿಕ್ಕಿತು, ಜೋಳದ ಕಾಳಿಗಿಂತ ಸಣ್ಣದು. ನನ್ನ ತಾಳ್ಮೆ ಕೆಟ್ಟುಹೋಯ್ತು. "ಏನ್ ಆಪಾ ನೀವು! ಇಷ್ಟು ದೊಡ್ಡ ಮಸೀದಿ ಎದುರಿಗೈತೆ. ನಿಮ್ಮ ಕೈಗೆ ಇದೊಂದೇ ಸಿಕ್ತಾ?"

"ಅವಳಿಗೆ ಬೈಬೇಡ್ರಿ ಅಣ್ಣಾ" ಅಂದ್ರು ಮೇಸ್ತ್ರಿ. "ಅವಳು ಹೇಳಿದ್ದು ಖರೇನೇ. ಕೆಲಸ ತಪಾಸಣೆಗೆ ಬಂದ ಸಾಹೇಬ್ರು ಬ್ಯಾಟರಿ ಬಿಟ್ಟು ನೋಡಿದ್ರು, ಅವರಿಗೂ ಸಿಕ್ಕಿರಲಿಲ್ಲ. ಈ ಗಾರೆ ಹಸಿ ಇದ್ದಾಗಲೇ ನುಣುಪುಗಲ್ಲಿಂದ ಒಂದೇ ಸಮನೆ ತಿಕ್ಕಬೇಕು, ನಡುವೆ ಕೈ ನಿಲ್ಲಿಸೋ ಹಂಗಿಲ್ಲ. ಎರಡು ವರ್ಷದಾಗೆ ನನ್ನ ಕೈ ನಿಂತಿದ್ದು ಒಂದೇ ಸಲ, ಇಲ್ಲೇ."

"ಯಾಕೆ ನಿಲ್ಸಿದ್ರಿ?" ಅಂದ್ರು ಆಪಾ.

"ನಿನ್ನ ಫೋನ್ ಬಂತು. ನೀರು ಕಾಯಿಸೋ ಹಂಡೆ ತೂತಾಗೈತೆ ಅಂತ ನೀನು ಕಾಲು ಗಂಟೆ ಬೈದೆ."

ಆಪಾ ಆ ಗಂಟಿನ ಮೇಲೆ ಬೆರಳಿಟ್ಟುಕೊಂಡೇ ಒಂದ್ಸಲ ಉದ್ದಕ್ಕೂ ಗೋಡೆ ನೋಡಿದ್ರು. ಆಮೇಲೆ ಕಮಾನು ನೋಡಿದ್ರು. ಆಮೇಲೆ ತಲೆ ಎತ್ತಿ ಗುಮ್ಮಟದ ಒಳಮೈಯನ್ನ ಬಹಳ ಹೊತ್ತು ನೋಡಿದ್ರು.

"ಹಂಗಾದ್ರೆ" ಅಂದ್ರು, "ನಾನು ಫೋನ್ ಮಾಡದೇ ಇದ್ದ ಕಡೆಯೆಲ್ಲ ಚೆಂದ ಐತೆ."

ಅಂದವರೇ ಆಪಾ ಬಾಗಿಲ ಕಡೆ ಹೊರಟ್ರು. ನಲವತ್ತು ವರ್ಷ ಕಾದ ಮನುಷ್ಯ, ಮಾತು ಬಂದಾಗ ಕಿವಿಯನ್ನೇ ನಂಬಲಿಲ್ಲ. ಅವಸರ ಅವಸರವಾಗಿ ಹೆಂಡತಿ ಹಿಂದೆ ಓಡಿದ್ರು. "ಏನಂದೆ? ಏನಂದೆ? ಇನ್ನೊಂದ್ಸಲ ಅನ್ನು!"

ಆಪಾ ತಲೆ ಮೇಲಿನ ಸೆರಗು ಸರಿಮಾಡಿಕೊಂಡು, ತಿರುಗಿ ಸಹ ನೋಡದೆ ಮೆಟ್ಟಿಲು ಇಳೀತಾ ಅಂದ್ರು: "ಒಂದು ಮಸೀದಿಗೆ ಒಂದೇ ಸಲ. ಇನ್ನೊಂದ್ಸಲ ಬೇಕಂದ್ರೆ ಹೋಗ್ರಿ, ಇನ್ನೊಂದು ಮಸೀದಿ ರಿಪೇರಿ ಮಾಡ್ಕೊಂಡು ಬರ್ರಿ."