ಯಾದವನ ಜಲಪರೀಕ್ಷೆ

ಯಾದವನ ಕಷ್ಟಕ್ಕೆಲ್ಲ ಮೂಲ ಮೂರನೆಯ ಹೋಳಿಗೆ. ಎರಡಕ್ಕೇ ಸಾಕು ಅಂದಿದ್ದರೆ ಹೊಟ್ಟೆಯೂ ಹಗುರವಾಗಿರುತ್ತಿತ್ತು, ನಾಲಗೆಯೂ ಹಿಡಿತದಲ್ಲಿರುತ್ತಿತ್ತು.

ಯುಗಾದಿಯ ದಿನ ಪಕ್ಕದ ಮನೆಯ ಮಡಿವಾಳಪ್ಪನವರು ಊಟಕ್ಕೆ ಕರೆದಿದ್ದರು. ಪರದೇಶದ ವೆರಿಬೀ ಎಂಬ ಊರಿನಲ್ಲಿ ಇಬ್ಬರೂ ಬೇಲಿ ಹಂಚಿಕೊಂಡು ಹತ್ತು ವರ್ಷವಾಗಿತ್ತು. ಮಡಿವಾಳಪ್ಪನವರು ಬೇಲಿಯ ಜೊತೆ ಎಲ್ಲವನ್ನೂ ಹಂಚಿಕೊಳ್ಳುವ ಮನುಷ್ಯ. ಬಡಿಸುತ್ತ ಬಡಿಸುತ್ತ ಧಾರವಾಡದ ತಮ್ಮ ಹರೆಯದ ಸಾಹಸಗಳನ್ನು ಹೇಳಿದರು. ಗುಡ್ಡ ಹತ್ತಿದ್ದು, ಬಾವಿಗೆ ಹಾರಿದ್ದು, ಹಾರಿದವರು ಮೇಲೆ ಬಂದದ್ದು, ಮತ್ತೆ ಹಾರಿದ್ದು. ಕೇಳಿ ಕೇಳಿ ಸಾಕಾಗಿ, ಮೂರನೆಯ ಹೋಳಿಗೆಯ ಮೇಲೆ ತುಪ್ಪ ಬೀಳುವ ಹೊತ್ತಿಗೆ ಯಾದವ ಒಂದು ಮಾತು ಆಡಿಬಿಟ್ಟ.

"ನಾವು ಉಡುಪಿ ಕಡೆಯವರು ಮಾರಾಯ್ರೆ, ಸಮುದ್ರದವರು. ನಡೀಲಿಕ್ಕೆ ಕಲಿಯುವ ಮೊದಲೇ ನಮಗೆ ದೋಣಿ ಬಿಡ್ಲಿಕ್ಕೆ ಬರ್ತದೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಿಜ ಹೇಳಬೇಕೆಂದರೆ ಯಾದವ ಹುಟ್ಟಿದ್ದು ಹೆಬ್ರಿಯಲ್ಲಿ, ಘಟ್ಟದ ಬುಡದಲ್ಲಿ. ಅವನ ಅಪ್ಪನದು ಸೈಕಲ್ ಶಾಪು. ಸಮುದ್ರ ಅವನಿಗೆ ಪರಿಚಯವಾದದ್ದು ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತಿದ್ದ ಬಂಗುಡೆ ಮೀನಿನ ಬುಟ್ಟಿಯ ಮೂಲಕ. ಮೊಣಕಾಲಿಗಿಂತ ಆಳದ ನೀರಿಗೆ ಅವನು ಈವರೆಗೆ ಇಳಿದವನಲ್ಲ. ಸಮುದ್ರದವಳು ಅವನ ಹೆಂಡತಿ ಜಲಜಾಕ್ಷಿ. ಮಲ್ಪೆ ಹತ್ತಿರದ ಪಡುಕೆರೆಯವಳು, ಒಂದು ಬದಿ ಹೊಳೆ, ಒಂದು ಬದಿ ಕಡಲು. ಅವಳು ಆ ದಿನ ಗಂಡನ ಮುಖವನ್ನು ಒಮ್ಮೆ ನೋಡಿ, ಸಾರಿಗೆ ಕೈ ಚಾಚಿದ್ದಳು ಅಷ್ಟೆ.

ಆದರೆ ಅದೇ ಮೇಜಿನಲ್ಲಿ ಮಗಳು ಅಶ್ವಿತಾ ಕೂತಿದ್ದಳು. ಸಿಡ್ನಿಯ ಪ್ಯಾರಮಟ್ಟಾದಲ್ಲಿ ಅವಳಿಗೆ ಕೆಲಸ; ಹಬ್ಬಕ್ಕೆಂದು ಬಂದಿದ್ದಳು. ಅಪ್ಪನ ಮಾತನ್ನು ಅವಳು ಕಿವಿಗೆ ಹಾಕಿಕೊಂಡದ್ದು ಯಾರಿಗೂ ತಿಳಿಯಲಿಲ್ಲ. ಜುಲೈಯಲ್ಲಿ, ಅಪ್ಪ ಅಮ್ಮನ ಮದುವೆಗೆ ಇಪ್ಪತ್ತೈದು ತುಂಬಿದ ದಿನ, ಇಮೇಲ್‌ನಲ್ಲಿ ಉಡುಗೊರೆ ಬಂತು. ಸೆಪ್ಟೆಂಬರಿನಲ್ಲಿ ಹದಿನಾಲ್ಕು ದಿನ, ಗ್ರೀಸಿನ ಕೆಫಲೋನಿಯಾ ಎಂಬ ದ್ವೀಪ. ಬೆಳಿಗ್ಗೆ ಸಮುದ್ರದಲ್ಲಿ ಕಯಾಕ್ ಎಂಬ ಕಿರುದೋಣಿ ಬಿಡುವುದು, ಮಧ್ಯಾಹ್ನ ಬೆಟ್ಟ ಹತ್ತುವುದು, ಜೊತೆಗೊಬ್ಬ ಗೈಡ್. ಇಬ್ಬರಿಗೆ ಸೇರಿ ಒಂದು ಕಯಾಕ್, ಒಂದು ರೂಮು. ಯಾದವ ಅದನ್ನು ಓದಿ ಕುರ್ಚಿಯಲ್ಲಿ ಹಾಗೇ ಕೂತುಬಿಟ್ಟ.

ಯಾಕೆಂದರೆ ಆ ಹದಿನಾಲ್ಕು ದಿನದ ರಜೆಗೆ ಅವನದೇ ಒಂದು ಯೋಜನೆಯಿತ್ತು. ಅವನ ಕೆಲಸ ಕ್ಲೇಟನ್‌ನ ಒಂದು ಲ್ಯಾಬಿನಲ್ಲಿ. ಮನೆ ಊರಿನ ಈ ತುದಿ, ಲ್ಯಾಬು ಆ ತುದಿ. ನಸುಕಿಗೆ ಎದ್ದು ಹೋಗಿ, ಸಂಜೆ ಸೇತುವೆಯ ಮೇಲೆ ಒಂದು ಗಂಟೆ ಬ್ರೇಕ್ ಒತ್ತಿ ಬಿಟ್ಟು ಮನೆ ಸೇರಬೇಕು. ಆರು ವರ್ಷದಿಂದ ಸಿಕ್ಕ ರಜೆಯೆಲ್ಲ ಊರಿನ ಮದುವೆಗಳಿಗೆ, ಗೃಹಪ್ರವೇಶಗಳಿಗೆ, ಉತ್ತರಕ್ರಿಯೆಗಳಿಗೆ ಹೋಗಿತ್ತು. ಈ ವರ್ಷ ಯಾರೂ ಮದುವೆಯಾಗುತ್ತಿರಲಿಲ್ಲ, ದೇವರ ದಯೆಯಿಂದ ಯಾರೂ ಸತ್ತಿರಲಿಲ್ಲ. ಯಾದವನ ಯೋಜನೆ ಇಷ್ಟೇ: ಮಲಗುವುದು. ಅದಕ್ಕೆಂದೇ ಸೇಲ್‌ನಲ್ಲಿ ಕಪ್ಪು ಬಣ್ಣದ ದಪ್ಪ ಕರ್ಟನ್ ಎರಡು ತಂದು, ಇದ್ದ ಕರ್ಟನ್‌ಗೆ ಎಂತ ಆಗಿದೆ ಎಂಬ ಪ್ರಶ್ನೆಗೆ ಹೆದರಿ, ಗ್ಯಾರೇಜಿನಲ್ಲಿ ಅಕ್ಕಿ ಚೀಲದ ಹಿಂದೆ ಬಚ್ಚಿಟ್ಟಿದ್ದ. ದಣಿದು ಬಂದ ಸಂಜೆಗಳಲ್ಲಿ ಒಮ್ಮೊಮ್ಮೆ ಹೋಗಿ ಆ ಪೊಟ್ಟಣವನ್ನು ಮುಟ್ಟಿ ನೋಡಿ ಬರುತ್ತಿದ್ದ.

ಮಗಳಿಗೆ ಬೇಡ ಎನ್ನಲು ಅವನಿಗೆ ಬಾಯಿ ಬರಲಿಲ್ಲ. ಎರಡು ವರ್ಷ ಕೂಡಿಟ್ಟು ಬುಕ್ ಮಾಡಿದ್ದಳು. ಫೋನಿನಲ್ಲಿ "ಪಪ್ಪಾ, ಯು ನೆವರ್ ಡು ಎನಿಥಿಂಗ್ ಫಾರ್ ಯುವರ್ಸೆಲ್ಫ್" ಎನ್ನುತ್ತ ಅತ್ತೇಬಿಟ್ಟಳು. ಜಲಜಾಕ್ಷಿ ಮಾತ್ರ ಗಂಡನನ್ನು ಕೇಳಿದ್ದಳು, ನಿಮಗೆ ನಿಜವಾಗಿ ಖುಷಿಯೇ ಎಂದು. ಆಡಿದ ಮಾತಿನ ಮರ್ಯಾದೆ ಉಳಿಸಿಕೊಳ್ಳಲು ಅವನು ಭಾರೀ ಖುಷಿ ಅಂದಿದ್ದ.

ಅದೃಷ್ಟಕ್ಕೆ ಇಮೇಲ್‌ನ ಕೊನೆಯಲ್ಲಿ ಒಂದು ಸಣ್ಣ ಷರತ್ತಿತ್ತು. ಐವತ್ತು ದಾಟಿದ ಪ್ರತಿಯೊಬ್ಬರೂ ಕಯಾಕ್ ಕಲಿಸುವವರ ಮುಂದೆ ಪರೀಕ್ಷೆ ಕೊಟ್ಟು ಸರ್ಟಿಫಿಕೇಟು ತರಬೇಕು. ಅದನ್ನು ಓದಿದಾಗ ಯಾದವನಿಗೆ ಹೋದ ಜೀವ ಬಂತು. ಫೇಲಾದರಾಯಿತು. ಮಗಳೂ ನೊಂದುಕೊಳ್ಳುವುದಿಲ್ಲ, ಮಾನವೂ ಪೂರ್ತಿ ಹೋಗುವುದಿಲ್ಲ. ಫೇಲಾಗುವುದು ಎಂಥ ಘನಕಾರ್ಯ? ಪಿಯುಸಿಯಲ್ಲಿ ಅವನು ಯಾವ ಪ್ರಯತ್ನವೂ ಇಲ್ಲದೆ ಆಗಿದ್ದ.

ಪರೀಕ್ಷೆ ಆಗಸ್ಟಿನ ಒಂದು ಶನಿವಾರಕ್ಕೆ ಗೊತ್ತಾಯಿತು. ವೆರಿಬೀ ಸೌತಿನಲ್ಲಿ, ನದಿ ಹೋಗಿ ಕಡಲು ಸೇರುವ ಜಾಗದಲ್ಲಿ. ಆರು ಗಂಟೆಗೆ ಮನೆಯ ಬೆಲ್ ಹೊಡೆದುಕೊಂಡಿತು. ಬಾಗಿಲು ತೆಗೆದರೆ ಟ್ರ್ಯಾಕ್ ಸೂಟು ಹಾಕಿಕೊಂಡ ಮಡಿವಾಳಪ್ಪನವರು, ಹೆಗಲಿಗೊಂದು ಬ್ಯಾಗು, ಮಣಿಕಟ್ಟಿನಲ್ಲಿ ಹೆಜ್ಜೆ ಎಣಿಸುವ ಗಡಿಯಾರ.

"ಇನ್ನೂ ಎದ್ದಿಲ್ಲೇನ್ರಿ ಯಾದವ್ ಅವರ? ನಂದು ಆಗಲೇ ನಾಕ್ ಸಾವಿರ ಹೆಜ್ಜಿ ಆದುವು. ನಡೀರಿ, ನನ್ನ ಗಾಡ್ಯಾಗ ಹೋಗೂಣು."

ಪರೀಕ್ಷೆ ಇರುವುದು ಹತ್ತಕ್ಕೆ ಎಂದು ಯಾದವ ಹೇಳಿ ನೋಡಿದ. ಉಳಿದ ಮೂರೂವರೆ ಗಂಟೆ ಮಡಿವಾಳಪ್ಪನವರು ಅವನ ಸೋಫಾದಲ್ಲೇ ಕೂತು ಉಸಿರು ಬಿಗಿಹಿಡಿಯುವ ವಿಧಾನ ಕಲಿಸಿದರು. ಹಿಂದಿನ ರಾತ್ರಿ ನೀರಿನ ಭಯಕ್ಕೆ ಅವನು ಕಣ್ಣು ಮುಚ್ಚಿರಲಿಲ್ಲ. ಈಗ ತೆರೆದಿಡುವುದೇ ಕಷ್ಟವಾಯಿತು. ಹೊರಡುವ ಹೊತ್ತಿಗೆ ಮಡಿವಾಳಪ್ಪನವರ ಹೆಂಡತಿ ಚನ್ನಕ್ಕನೂ ರೊಟ್ಟಿ, ನೆಂಚಿಕೊಳ್ಳಲು ಶೇಂಗಾ ಹಿಂಡಿಯ ಡಬ್ಬಿ ಹಿಡಿದು ಬಂದರು. ಹಿಂದಿನ ಸೀಟಿನಲ್ಲಿ ಚನ್ನಕ್ಕನೂ ಜಲಜಾಕ್ಷಿಯೂ ದಾರಿಯುದ್ದಕ್ಕೂ ಪಿಸುಗುಟ್ಟುತ್ತಿದ್ದರು. ಹಿಂಡಿಯ ವಿಷಯವಿರಬೇಕು ಎಂದುಕೊಂಡ ಯಾದವ.

ಪರೀಕ್ಷೆ ಮಾಡುವವಳು ಶೆಲ್ಲಿ ಎಂಬ ನಗುಮುಖದ ಹೆಂಗಸು. ಮೊದಲು ಗಂಡ ಹೆಂಡತಿ ಇಬ್ಬರಿಗೂ ರಬ್ಬರಿನ ಉಡುಪು ಕೊಟ್ಟಳು. ಅದರೊಳಗೆ ಯಾದವನನ್ನು ತುರುಕಲು ಮಡಿವಾಳಪ್ಪನವರ ಸಹಾಯ ಬೇಕಾಯಿತು. ದೊಡ್ಡ ದಿಂಬಿಗೆ ಸಣ್ಣ ಕವರು ಹಾಕಿದ ಹಾಗೆ ಒಂದು ಕಡೆ ಎಳೆದರೆ ಇನ್ನೊಂದು ಕಡೆ ಹೊರಬರುತ್ತಿದ್ದ. ಪರೀಕ್ಷೆಯಲ್ಲಿ ಎರಡೇ ಭಾಗ. ನೀರಲ್ಲಿ ಗುರುತಿಗೆಂದು ತೇಲಿಬಿಟ್ಟ ಹಳದಿ ಬೋಯಾದವರೆಗೆ ಕಯಾಕ್ ಬಿಟ್ಟುಕೊಂಡು ಹೋಗಿ ಬರಬೇಕು. ಆಮೇಲೆ ಬೇಕೆಂದೇ ಮಗುಚಿ, ಲೈಫ್ ಜಾಕೆಟ್ಟಿನ ಮೇಲೆ ಅಂಗಾತ ತೇಲುತ್ತ, ಶೆಲ್ಲಿ ಬಂದು ಎತ್ತುವ ತನಕ ಗಾಬರಿಯಾಗದೆ ಇರಬೇಕು.

ದಡದಲ್ಲಿ ಮಡಿವಾಳಪ್ಪನವರು ಯಾರೂ ಹೇಳದೆ ಅಶ್ವಿತಾಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಎತ್ತಿ ಹಿಡಿದರು. ಈಗ ಯಾದವ ಹಿಂದೆ ಸರಿಯುವಂತಿರಲಿಲ್ಲ. ಫೇಲಾಗುವುದನ್ನಾದರೂ ಶ್ರದ್ಧೆಯಿಂದ ಮಾಡೋಣವೆಂದು ಕಯಾಕ್ ಹತ್ತಿದವನೇ ಹುಟ್ಟನ್ನು ಅಡ್ಡಲಾಗಿ ತೊಡೆಯ ಮೇಲಿಟ್ಟು, ಎರಡೂ ಕೈಯಿಂದ ದೋಣಿಯ ಅಂಚು ಹಿಡಿದು, ಮನಸ್ಸಿನಲ್ಲಿ ಕೃಷ್ಣ ಕೃಷ್ಣ ಎನ್ನುತ್ತ ಸುಮ್ಮನೆ ಕೂತ.

ಆದರೆ ಅವನು ಸುಮ್ಮನಿದ್ದರೂ ನೀರು ಸುಮ್ಮನಿರಲಿಲ್ಲ. ನದಿಯ ಸೆಳೆತ ಅವನನ್ನು ನೇರವಾಗಿ ಬೋಯಾದ ಹತ್ತಿರಕ್ಕೆ ಒಯ್ದಿತು. ಅಲ್ಲಿ ಕಡಲ ಕಡೆಯಿಂದ ಗಾಳಿಯೊಂದು ಬಂದು ದೋಣಿಯನ್ನು ತಿರುಗಿಸಿ, ಬೆನ್ನಿಗೆ ಕೈಯಿಟ್ಟು ಕರೆತಂದ ಹಾಗೆ ದಡಕ್ಕೆ ತಂದುಬಿಟ್ಟಿತು. ಹುಟ್ಟು ಒದ್ದೆಯೂ ಆಗಿರಲಿಲ್ಲ. ನೀರಿನ ಮನಸ್ಸು ತಿಳಿದ ಇಂಥವರನ್ನು ನಾನು ಹದಿನೈದು ವರ್ಷದಲ್ಲಿ ಕಂಡಿಲ್ಲ, ಅನಾವಶ್ಯಕವಾಗಿ ಒಂದು ಹುಟ್ಟೂ ಹಾಕಲಿಲ್ಲ ಎಂದು ಶೆಲ್ಲಿ ಹೇಳಿದಳು. ಮಡಿವಾಳಪ್ಪನವರು ಅದನ್ನು ಫೋನಿಗೆ ಕನ್ನಡದಲ್ಲಿ ಇನ್ನಷ್ಟು ಸೇರಿಸಿ ವರದಿ ಮಾಡಿದರು.

ಉಳಿದದ್ದು ಮಗುಚುವುದು. ಇಲ್ಲಿ ಕಿರುಚಾಡಿ ಫೇಲಾಗುವುದು ಖಂಡಿತವೆಂದು ಯಾದವನಿಗೆ ಧೈರ್ಯವಿತ್ತು, ನಟನೆಯೂ ಬೇಕಿರಲಿಲ್ಲ. ಶೆಲ್ಲಿ ದೋಣಿಯನ್ನು ಮಗುಚಿದಳು. ತಣ್ಣೀರು ಕಿವಿಗೆ ಹೊಕ್ಕಿತು, ಮರುಕ್ಷಣ ಜಾಕೆಟ್ಟು ಅವನನ್ನು ಮೇಲಕ್ಕೆತ್ತಿ ಅಂಗಾತ ಮಲಗಿಸಿತು. ಕಿರುಚಲು ಬಾಯಿ ತೆರೆದವನು ಹಾಗೇ ತೇಲಿದ. ಕಿವಿ ನೀರಿನೊಳಗಿದ್ದುದರಿಂದ ಮಡಿವಾಳಪ್ಪನವರ ದನಿ ಕೇಳುತ್ತಿರಲಿಲ್ಲ. ಫೋನಿಲ್ಲ, ಸೇತುವೆಯಿಲ್ಲ, ಯಾರೂ ಏಳಿ ಅನ್ನುತ್ತಿಲ್ಲ. ಮೋಡದ ಸಂದಿನಿಂದ ಒಂದಿಷ್ಟು ಬಿಸಿಲು ಮುಖದ ಮೇಲೆ ಬಿತ್ತು. ಎಷ್ಟು ತಿಂಗಳಾಯಿತೋ ಇಷ್ಟು ಹಾಯಾಗಿ ಬೆನ್ನು ಚಾಚಿ ಎಂದು ಅವನಿಗೆ ಅನಿಸಿತು. ಆಮೇಲೆ ಏನೂ ಅನಿಸಲಿಲ್ಲ.

ಎಚ್ಚರವಾದದ್ದು ಶೆಲ್ಲಿ ಭುಜ ಅಲುಗಿಸಿದಾಗ. ಗೊರಕೆ ದಡದವರೆಗೆ ಕೇಳಿತ್ತಂತೆ. ಇವರಿಗೆ ನೀರೆಂದರೆ ತೊಟ್ಟಿಲು ಎಂದು ಅವಳು ಸರ್ಟಿಫಿಕೇಟಿನ ಷರಾದಲ್ಲಿ ಬರೆದುಕೊಟ್ಟಳು. ಫೋನಿನಲ್ಲಿ ಮಗಳು ಸಂತೋಷಕ್ಕೆ ಅಳುತ್ತಿದ್ದಳು. ಯಾದವನಿಗೂ ಅಳು ಬಂತು, ಕಾರಣ ಬೇರೆ.

ನಂತರ ಜಲಜಾಕ್ಷಿಯ ಸರದಿ. ಇವಳೇನು, ಮಳೆಗಾಲದಲ್ಲೇ ಉದ್ಯಾವರ ಹೊಳೆ ಈಜಿ ದಾಟಿದವಳು ಎಂದು ಯಾದವ ರೊಟ್ಟಿ ಬಿಚ್ಚಿದ. ಆದರೆ ಅವಳು ಹುಟ್ಟನ್ನು ತಲೆಕೆಳಗು ಹಿಡಿದಳು. ಇದ್ದಲ್ಲೇ ಮೂರು ಸುತ್ತು ಸುತ್ತಿ, ದಡದ ಕಟ್ಟೆಗೆ ಎರಡು ಸಲ ಗುದ್ದಿದಳು. ಮಗುಚಿದಾಗಲಂತೂ ಶೆಲ್ಲಿಯ ಕುತ್ತಿಗೆಗೆ ಜೋತುಬಿದ್ದು, ದಡಕ್ಕೆ ಬಂದ ಮೇಲೂ ಬಿಡಲಿಲ್ಲ. ಶೆಲ್ಲಿ ಕೆಮ್ಮುತ್ತ, ಕ್ಷಮಿಸಿ, ನಿಮಗೆ ಕೊಡಲಾರೆ ಅಂದಳು.

ಯಾದವನ ಕೈಯ ರೊಟ್ಟಿ ಬಾಯಿಯ ಹತ್ತಿರವೇ ನಿಂತಿತು. ಒಂದು ಕ್ಷಣ ಗಾಬರಿ, ಮರುಕ್ಷಣ ಅವನ ಎದೆಯಲ್ಲಿ ದೀಪ ಹತ್ತಿತು. ಹೆಂಡತಿ ಫೇಲಾದರೆ ಅವನು ಹೇಗೆ ಹೋಗುತ್ತಾನೆ? ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು ಫೋನಿನ ಮುಂದೆ ಹೋದ. "ಮಗಾ, ಅಮ್ಮ ಇಲ್ಲದೆ ನಾನು ಹೋಗುದುಂಟಾ? ಬೇಡ, ಕ್ಯಾನ್ಸಲ್ ಮಾಡು."

ಅಶ್ವಿತಾ ಅಲ್ಲಿಂದ ಷರತ್ತುಗಳನ್ನು ಓದಿದಳು. ಕ್ಯಾನ್ಸಲ್ ಆಗುವುದಿಲ್ಲ. ಆದರೆ ಹೋಗುವವರ ಹೆಸರನ್ನು ಇವತ್ತು ಸಂಜೆಯೊಳಗೆ ಬದಲಿಸಬಹುದು.

ಯಾದವ ತಿರುಗಿ ನೋಡುವಷ್ಟರಲ್ಲಿ ಮಡಿವಾಳಪ್ಪನವರು ಟ್ರ್ಯಾಕ್ ಸೂಟು ಕಳಚುತ್ತಿದ್ದರು. ಹೆಗಲ ಬ್ಯಾಗಿನಲ್ಲಿ ಟವೆಲ್ಲು, ಚಡ್ಡಿ ಎಲ್ಲ ಇತ್ತು.

"ನೀವೇನ್ ಚಿಂತಿ ಮಾಡಬ್ಯಾಡ್ರಿ, ನಾ ಬರ್ತೀನಿ. ಬಾವ್ಯಾಗ ಈಜು ಕಲ್ತಾಂವ ನಾ. ನಮ್ಮ ಆಫೀಸಿನ್ಯಾಗ ರಜಾನೂ ಭಾಳ ಉಳದೈತ್ರಿ."

ಬೋಯಾವನ್ನು ಅವರು ಎರಡು ಸಲ ಸುತ್ತಿ ಬಂದರು, ದಾರಿಯುದ್ದಕ್ಕೂ ಶೆಲ್ಲಿಗೆ ಧಾರವಾಡದ ಹವೆಯ ಬಗ್ಗೆ ಹೇಳುತ್ತಲೇ ಇದ್ದರು. ಸರ್ಟಿಫಿಕೇಟು ಆಯಿತು, ಪ್ಯಾರಮಟ್ಟಾದಲ್ಲಿ ಹೆಸರೂ ಬದಲಾಯಿತು. ಯಾದವ ಕೊನೆಯ ಆಸೆಯಿಂದ ಚನ್ನಕ್ಕನ ಕಡೆ ತಿರುಗಿ, ನಿಮ್ಮನ್ನು ಒಬ್ಬರೇ ಬಿಟ್ಟು ಅವರನ್ನು ಕರೆದೊಯ್ಯುವುದು ಸರಿಯಲ್ಲ ಅಂದ.

"ಕರ್ಕೊಂಡ ಹೋಗ್ರಿ ಅಣ್ಣಾರ," ಅಂದರು ಚನ್ನಕ್ಕ, ಡಬ್ಬಿಯ ಮುಚ್ಚಳ ಹಾಕುತ್ತ. "ನಿಮಗ ಪುಣ್ಯಾ ಬರತೈತಿ."

ಸಂಜೆ ಮನೆಯಲ್ಲಿ ಯಾದವ ಹೆಂಡತಿಯ ಎದುರು ಕೂತ. ನಿನಗೆ ಈಜು ಬರುತ್ತದಲ್ಲ, ಹಾಗೆ ಯಾಕೆ ಮಾಡಿದೆ ಎಂದು ಕೇಳಿದ. ಜಲಜಾಕ್ಷಿ ಸ್ಟೂಲಿನ ಮೇಲೆ ಕಾಲು ನೀಡಿಕೊಂಡಿದ್ದಳು. ಏಜ್ಡ್ ಕೇರ್ ಎಂಬ ವೃದ್ಧಾಶ್ರಮದ ಕೆಲಸದಲ್ಲಿ ವಾರಕ್ಕೆ ಐದು ದಿನ ಮುದುಕ ಮುದುಕಿಯರನ್ನು ಎತ್ತಿ ಕೂರಿಸಿ ಅವಳ ಪಾದ ಊದಿತ್ತು. ಅದು ಅವನಿಗೆ ಅಂದೇ ಮೊದಲ ಸಲ ಕಂಡದ್ದು, ಕಂಡು ಕೆಡುಕೆನಿಸಿತು.

"ನನಗೆ ಬರ್ತದೆ. ನಿಮಗೆ ಬರುದಿಲ್ಲ ಅಂತಲೂ ಗೊತ್ತುಂಟು," ಅಂದಳು. "ನೀವು ಫೇಲಾಗ್ಲಿಕ್ಕೆ ಹೊರಟದ್ದೂ ಗೊತ್ತಿತ್ತು. ಆದ್ರೆ ಅಂಗಾತ ಬಿದ್ದ ಕೂಡ್ಲೆ ನಿಮಗೆ ನಿದ್ದೆ ಬರ್ತದೆ, ಇಪ್ಪತ್ತೈದು ವರ್ಷದಿಂದ ನೋಡ್ತಾ ಇದ್ದೇನೆ. ಪಾಸಾಗ್ತೀರಿ ಅಂತ ನಾನು ಚನ್ನಕ್ಕನಿಗೆ ಕಾರಲ್ಲೇ ಹೇಳಿದ್ದೆ."

ತಾನು ಚಾಪೆಯ ಕೆಳಗೆ ತೂರಿದರೆ ಇವಳು ರಂಗೋಲಿಯ ಕೆಳಗೆ ತೂರಿದ್ದಳು. ಹಾಗಾದರೆ ಇಬ್ಬರೂ ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಅವನು ಸಣ್ಣ ದನಿಯಲ್ಲಿ ಕೇಳಿದ.

"ನೀವು ಮನೆಯಲ್ಲಿದ್ರೆ ಗಂಟೆಗೊಂದು ಚಹಾ, ಎರಡು ಹೊತ್ತು ಗಂಜಿ ಊಟ, ನಡುವಲ್ಲಿ ನನ್ನ ಕನ್ನಡಕ ಎಲ್ಲಿ. ಅದು ನನಗೆ ರಜೆ ಹೇಗೆ ಆಗ್ತದೆ ಹೇಳಿ. ಹದಿನಾಲ್ಕು ದಿನ ನಾನು ಮಲಗ್ತೇನೆ." ಅವಳು ಕಣ್ಣು ಮುಚ್ಚಿಕೊಂಡೇ ಇನ್ನೊಂದು ಮಾತು ಸೇರಿಸಿದಳು. "ಗ್ಯಾರೇಜಲ್ಲಿ ಅಕ್ಕಿ ಚೀಲದ ಹಿಂದೆ ಕರ್ಟನ್ ಉಂಟಲ್ಲ, ಹೋಗುವ ಮೊದಲು ಅದೊಂದು ಹಾಕಿ ಕೊಡಿ."

ಅವಳ ಪಾದ ನೋಡಿದರೆ ಎದುರು ಮಾತಾಡುವಂತಿರಲಿಲ್ಲ. ಯಾದವ ಗ್ಯಾರೇಜಿನಿಂದ ಪೊಟ್ಟಣ ತಂದು, ಕುರ್ಚಿ ಹತ್ತಿ, ಬೆಡ್‌ರೂಮಿನ ಕಿಟಕಿಗೆ ಕರ್ಟನ್ ಏರಿಸಿದ. ಕೆಲಸ ಮುಗಿಸಿ ಮಂಚದ ಅಂಚಿನಲ್ಲಿ ಕೂತು ನೋಡಿದ. ಒಳ್ಳೆಯ ಮಾಲು, ಬೆಳಕಿನ ಒಂದು ಎಳೆಯೂ ಒಳಗೆ ಬರುತ್ತಿರಲಿಲ್ಲ. ಒಂದೇ ನಿಮಿಷ ಎಂದು ಮೆಲ್ಲಗೆ ಬೆನ್ನು ಚಾಚಿದ.

"ಯಾದವ್ ಅವರ," ಬೇಲಿಯ ಆಚೆಯಿಂದ ಕೂಗು ಬಂತು, "ನಾಳಿ ಐದಕ್ಕ ತಯಾರ್ ಇರ್ರಿ. ಹೊರಡೂ ತನಕ ದಿನಾ ಪ್ರ್ಯಾಕ್ಟೀಸ್ ಮಾಡೂಣು. ದೋಣ್ಯಾಗ ನಾ ಮುಂದ ಕೂಡ್ತೀನಿ, ಹಿಂದ ತಿರಗಿ ಮಾತಾಡಾಕ ಅನುಕೂಲ ಆಗತೈತಿ."

ದಪ್ಪ ಕರ್ಟನ್ ಬೆಳಕನ್ನು ಮಾತ್ರ ತಡೆಯುತ್ತಿತ್ತು. ಯಾದವ ಎದ್ದು, ಆಯ್ತು ಎಂದು ಉತ್ತರ ಕೊಡಲು ಕಿಟಕಿಯ ಹತ್ತಿರ ಹೋದ.